ನೇರ ಪ್ರಸಾರದ ಮೇಲೊಂದು ಟೈಮರ್

ನೇರ ಪ್ರಸಾರದ ಚಿತ್ರದ ಮೂಲೆಯಲ್ಲಿ ಓಡುವ ಟೈಮರ್ ಬಹಳ ಸಲ ಒಂದು ಪುಟ್ಟ ವೆಬ್ ಪುಟವಷ್ಟೇ ಆಗಿರುತ್ತದೆ. ಯಕ್ಷಗಾನದ ಲೈವ್‌ನಲ್ಲಿ ಆಟ ಶುರುವಾಗಲು ಇನ್ನೆಷ್ಟು ಹೊತ್ತಿದೆ ಎಂದು ತೋರಿಸುವ ಅಂಕಿ, ರಸಪ್ರಶ್ನೆಯಲ್ಲಿ ಉತ್ತರಕ್ಕೆ ಕೊಟ್ಟ 30 ಸೆಕೆಂಡು, ಆನ್‌ಲೈನ್ ತರಗತಿಯ ನಡುವಿನ 10 ನಿಮಿಷದ ಬಿಡುವು, ಇವೆಲ್ಲ ಒಂದೇ ಜಾತಿಯವು. ಪ್ರಸಾರ ಮಾಡುವ ತಂತ್ರಾಂಶವು ಕ್ಯಾಮೆರಾದ ಚಿತ್ರವನ್ನು ಕೆಳಗಿಟ್ಟು, ಅದರ ಮೇಲೆ ಈ ಪುಟವನ್ನು ಹಾಸಿ, ಎರಡನ್ನೂ ಸೇರಿಸಿ ಒಂದೇ ವಿಡಿಯೋ ಮಾಡಿ ಕಳುಹಿಸುತ್ತದೆ. ಹೀಗೆ ಮೇಲೆ ಹಾಸುವ ಪದರಕ್ಕೆ ಓವರ್‌ಲೇ ಎನ್ನುತ್ತಾರೆ. ನೂರು ಸಾಲಿಗೂ ಕಡಿಮೆ ಕೋಡ್‌ನಲ್ಲಿ ಮುಗಿಯುವ ಈ ಪುಟದೊಳಗೆ ಬಣ್ಣದ ಗಣಿತ, ಗಡಿಯಾರಗಳ ಸ್ವಭಾವ, ವಿಡಿಯೋ ಸಂಕೋಚನ, ಜಾಲದ ವಿಳಂಬ ಎಲ್ಲವೂ ಬಂದು ಕೂಡುತ್ತವೆ.

ಕೆಳಮುಖವಾಗಿ ಎಣಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಸಿನಿಮಾ. ಜರ್ಮನಿಯಲ್ಲಿ ಚಿತ್ರ ಮಾಡುತ್ತಿದ್ದ ನಿರ್ದೇಶಕ ಫ್ರಿಟ್ಜ್ ಲಾಂಗ್ 1929ರ ತಮ್ಮ ‘ಫ್ರಾವ್ ಇಮ್ ಮೋಂಡ್’ ಚಿತ್ರದಲ್ಲಿ ರಾಕೆಟ್ ಹಾರುವ ಮುನ್ನ ಅಂಕಿಗಳನ್ನು ಸೊನ್ನೆಯತ್ತ ಇಳಿಸುತ್ತಾ ತೋರಿಸಿದರು. ಎಣಿಕೆ ಮೇಲಕ್ಕೆ ಏರಿದರೆ ಅದು ಎಲ್ಲಿ ನಿಲ್ಲುತ್ತದೆಂದು ನೋಡುವವರಿಗೆ ತಿಳಿಯುವುದಿಲ್ಲ. ಕೆಳಕ್ಕೆ ಇಳಿದರೆ ಕೊನೆ ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ಪ್ರಸಾರ ಇನ್ನೂ ಶುರುವಾಗದ ಖಾಲಿ ಪರದೆಯ ಮುಂದೆ ವೀಕ್ಷಕರನ್ನು ಹಿಡಿದಿಡುವ ಶಕ್ತಿ ಇರುವುದು ಈ ಇಳಿಕೆಯಲ್ಲೇ.

ಇಂದು ಲೈವ್ ಮಾಡುವವರಲ್ಲಿ ಬಹಳ ಮಂದಿ ಬಳಸುವುದು ಒಬಿಎಸ್ ಸ್ಟುಡಿಯೋ ಎಂಬ ಉಚಿತ, ಮುಕ್ತ ತಂತ್ರಾಂಶ. ಅದರ ಮೊದಲ ಆವೃತ್ತಿ ಬಂದದ್ದು 2012ರಲ್ಲಿ. ಅದರಲ್ಲಿ ಒಂದು ‘ಸೀನ್’ ಎಂದರೆ ಒಂದರ ಮೇಲೊಂದು ಕುಳಿತ ಮೂಲಗಳ ಪಟ್ಟಿ: ಕ್ಯಾಮೆರಾ, ಚಿತ್ರ, ಅಕ್ಷರ, ಧ್ವನಿ. ‘ಬ್ರೌಸರ್ ಸೋರ್ಸ್’ ಕೂಡ ಅಂಥ ಒಂದು ಮೂಲ. ಅದಕ್ಕೆ ವೆಬ್ ವಿಳಾಸವೊಂದನ್ನು ಕೊಟ್ಟರೆ, ಒಬಿಎಸ್‌ನೊಳಗೇ ಅಡಗಿರುವ ಕ್ರೋಮಿಯಂ ಬ್ರೌಸರ್ ಆ ಪುಟವನ್ನು ತೆರೆದು, ಕಿಟಕಿಯಲ್ಲಿ ತೋರಿಸುವ ಬದಲು ನೇರವಾಗಿ ಸ್ಮೃತಿಯೊಳಗೆ ಚಿತ್ರಿಸಿ, ಚೌಕಟ್ಟು ಚೌಕಟ್ಟಾಗಿ ಸೀನ್‌ಗೆ ಕೊಡುತ್ತದೆ. ವಿಳಾಸದ ಬದಲು ಕಂಪ್ಯೂಟರ್‌ನಲ್ಲೇ ಉಳಿಸಿಟ್ಟ ಕಡತವನ್ನೂ ಕೊಡಬಹುದು. ಊರ ಜಾತ್ರೆಯ ಲೈವ್‌ನಂಥ ಕಡೆ, ನೆಟ್ ಯಾವಾಗ ಕೈಕೊಡುತ್ತದೋ ಹೇಳಲಾಗದ ಜಾಗದಲ್ಲಿ, ಉಳಿಸಿಟ್ಟ ಕಡತವೇ ಕ್ಷೇಮ. ಅಕ್ಷರಶೈಲಿಯ ಕಡತವನ್ನೂ ಅದರ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಇಲ್ಲವಾದರೆ ನೆಟ್ ಹೋದಾಗ ಅಂಕಿಗಳು ಬೇರೆ ಯಾವುದೋ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ.

ಪುಟ ಕ್ಯಾಮೆರಾದ ಚಿತ್ರವನ್ನು ಮುಚ್ಚಿಬಿಡಬಾರದು, ಅಂಕಿಗಳು ಮಾತ್ರ ಕಾಣಬೇಕು. ಇದನ್ನು ಸಾಧ್ಯವಾಗಿಸುವುದು ‘ಆಲ್ಫಾ’ ಎಂಬ ನಾಲ್ಕನೆಯ ಸಂಖ್ಯೆ. ಪರದೆಯ ಪ್ರತಿಯೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳಿರುತ್ತವೆ. ಇವುಗಳ ಜೊತೆಗೆ ‘ಈ ಪಿಕ್ಸೆಲ್ ಎಷ್ಟು ಗಟ್ಟಿ’ ಎಂದು ಹೇಳುವ ಮತ್ತೊಂದು ಅಳತೆಯನ್ನು ಸೇರಿಸುವ ಯೋಚನೆ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅದು ಮೊಳೆಯಿತು. ಪದರಗಳನ್ನು ಒಂದರ ಮೇಲೊಂದು ಹಾಸುವ ಪೂರ್ಣ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದರು. ಸೂತ್ರ ಸರಳ. ಮೇಲಿನ ಪದರದ ಬಣ್ಣವನ್ನು ಆಲ್ಫಾದಿಂದ ಗುಣಿಸಬೇಕು, ಕೆಳಗಿನದನ್ನು ಒಂದರಲ್ಲಿ ಆಲ್ಫಾ ಕಳೆದು ಉಳಿದದ್ದರಿಂದ ಗುಣಿಸಬೇಕು, ಎರಡನ್ನೂ ಕೂಡಿಸಬೇಕು. ಆಲ್ಫಾ 0 ಆದ ಕಡೆ ಕ್ಯಾಮೆರಾದ ಚಿತ್ರವೇ ಉಳಿಯುತ್ತದೆ, 1 ಆದ ಕಡೆ ಅಂಕಿಯ ಬಣ್ಣ ಕೂರುತ್ತದೆ. ಅಂಕಿಯ ಅಂಚಿನ ಪಿಕ್ಸೆಲ್‌ಗಳಲ್ಲಿ ಆಲ್ಫಾ ಇವೆರಡರ ನಡುವೆ ಎಲ್ಲೋ ಇರುವುದರಿಂದಲೇ ‘8’ರ ಬಳುಕು ಮೆಟ್ಟಿಲು ಮೆಟ್ಟಿಲಾಗಿ ಒಡೆಯದೆ ನಯವಾಗಿ ಕಾಣುತ್ತದೆ.

ಹಸಿರು ಹಿನ್ನೆಲೆಯ ಕಿಟಕಿಯೊಂದನ್ನು ಸೆರೆಹಿಡಿದು, ಹಸಿರನ್ನು ಅಳಿಸಿ ಬಳಸುವ ದಾರಿಯೂ ಇದೆ. ಆದರೆ ಅದರಲ್ಲಿ ಅಂಚಿನ ಪಿಕ್ಸೆಲ್‌ಗಳು ಅರೆ ಹಸಿರಾಗಿ ಉಳಿದು ಅಂಕಿಗಳ ಸುತ್ತ ಕೊಳಕು ಪಟ್ಟಿ ಬೀಳುತ್ತದೆ. ಪಾರದರ್ಶಕ ಪುಟ ಕೈಗೆ ಸಿಗುವಾಗ ಹಸಿರು ಪರದೆಯ ಗೋಜು ಬೇಡ. ಬ್ರೌಸರ್ ಸೋರ್ಸ್ ತನ್ನ ಕಡೆಯಿಂದಲೇ ಪುಟದ ಹಿನ್ನೆಲೆಯನ್ನು ಪಾರದರ್ಶಕಗೊಳಿಸುವ ಒಂದು ಸಾಲನ್ನು, ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ, ಸೇರಿಸಿರುತ್ತದೆ. ಪುಟ ಬರೆದವರು ಹಿನ್ನೆಲೆಗೆ ಬಣ್ಣ ತುಂಬದಿದ್ದರೆ ಕೆಲಸ ಮುಗಿಯಿತು.

ಇನ್ನು ಕಾಲದ ಲೆಕ್ಕ. ಟೈಮರ್ ಕೆಡುವುದು ಬಹುತೇಕ ಇಲ್ಲಿಯೇ. ಮೊದಲ ಸಲ ಬರೆಯುವವರು ಸಾಮಾನ್ಯವಾಗಿ ಮಾಡುವುದು ಹೀಗೆ: ಹತ್ತು ನಿಮಿಷಕ್ಕೆ 600 ಎಂಬ ಸಂಖ್ಯೆ ಇಟ್ಟುಕೊಂಡು, ‘ಪ್ರತಿ 1000 ಮಿಲಿಸೆಕೆಂಡಿಗೊಮ್ಮೆ ಒಂದು ಕಳೆ’ ಎಂದು ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಹೇಳುವುದು. ನೋಡಲು ಇದು ಸರಿಯಾಗಿಯೇ ಇದೆ. ಆದರೆ ಬ್ರೌಸರ್ ಕೊಡುವ ಮಾತು ‘ಕನಿಷ್ಠ 1000 ಮಿಲಿಸೆಕೆಂಡು ಕಳೆದ ಮೇಲೆ, ಬಿಡುವಾದಾಗ ಕರೆಯುತ್ತೇನೆ’ ಎಂಬುದಷ್ಟೇ. ಅದೇ ಹೊತ್ತಿಗೆ ಪುಟ ಇನ್ನೇನನ್ನೋ ಚಿತ್ರಿಸುತ್ತಿದ್ದರೆ, ಕಂಪ್ಯೂಟರ್ ವಿಡಿಯೋ ಸಂಕೋಚನದಲ್ಲಿ ಮುಳುಗಿದ್ದರೆ, ಕರೆ ತಡವಾಗುತ್ತದೆ. ಒಂದು ಕರೆ ಮುಗಿದ ಮೇಲೆ ಮುಂದಿನದನ್ನು ಗೊತ್ತುಮಾಡುವ ಕೋಡ್‌ನಲ್ಲಿ ಪ್ರತಿ ಸಲವೂ 5 ಮಿಲಿಸೆಕೆಂಡು ತಡವಾಯಿತೆಂದುಕೊಂಡರೆ, ಒಂದು ಗಂಟೆಯ 3600 ಕರೆಗಳಲ್ಲಿ ಟೈಮರ್ 18 ಸೆಕೆಂಡು ಹಿಂದೆ ಬಿದ್ದಿರುತ್ತದೆ. ಪುಟವನ್ನು ಒಬಿಎಸ್‌ನಲ್ಲಿ ತೆರೆಯದೆ ಮಾಮೂಲಿ ಬ್ರೌಸರ್‌ನಲ್ಲಿ ತೆರೆದು ಬೇರೆ ಟ್ಯಾಬ್‌ಗೆ ಹೋದರೆ ಪಾಡು ಇನ್ನೂ ಕಷ್ಟ. ಕಣ್ಣಿಗೆ ಕಾಣದ ಟ್ಯಾಬ್‌ಗಳ ಟೈಮರ್‌ಗಳನ್ನು ಬ್ಯಾಟರಿ ಉಳಿಸಲೆಂದು ಬ್ರೌಸರ್‌ಗಳು ನಿಧಾನಿಸುತ್ತವೆ. 2021ರಲ್ಲಿ ಬಂದ ಕ್ರೋಮ್ 88ನೇ ಆವೃತ್ತಿಯಿಂದ, ಐದು ನಿಮಿಷಕ್ಕೂ ಹೆಚ್ಚು ಮರೆಯಲ್ಲಿದ್ದ ಪುಟದ ಇಂಥ ಕರೆಗಳನ್ನು ನಿಮಿಷಕ್ಕೊಮ್ಮೆ ಮಾತ್ರ ನಡೆಸುವುದೂ ಉಂಟು. ಒಂದೊಂದಾಗಿ ಎಣಿಸುವ ಟೈಮರ್ ಅಲ್ಲಿ ಒಂದು ನಿಮಿಷಕ್ಕೆ ಒಂದೇ ಸೆಕೆಂಡು ಇಳಿಯುತ್ತದೆ.

ಪರಿಹಾರವೆಂದರೆ ಪುಟ ಎಣಿಸುವುದನ್ನೇ ಬಿಡುವುದು. ಟೈಮರ್ ಶುರುವಾದಾಗ ಮುಗಿಯುವ ಕ್ಷಣ ಯಾವುದೆಂದು ಒಮ್ಮೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ಪ್ರತಿ ಕರೆಯಲ್ಲೂ ಕಂಪ್ಯೂಟರ್‌ನ ಗಡಿಯಾರ ನೋಡಿ, ಆ ಕ್ಷಣದಿಂದ ಈಗಿನ ಹೊತ್ತನ್ನು ಕಳೆದು, ಉಳಿದದ್ದನ್ನು ತೋರಿಸಬೇಕು. ಕರೆ ತಡವಾದರೆ ಅಂಕಿ ಬದಲಾಗುವುದು ಒಂದಿಷ್ಟು ತಡವಾಗುತ್ತದೆಯೇ ಹೊರತು ಲೆಕ್ಕ ತಪ್ಪುವುದಿಲ್ಲ. ನಡುವೆ ಹತ್ತು ಕರೆಗಳು ಕಾಣೆಯಾದರೂ ಹನ್ನೊಂದನೆಯದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಒಳ್ಳೆಯ ಓವರ್‌ಲೇ ಟೈಮರ್‌ಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. ಈ ಒಂದನ್ನು ಸರಿಯಾಗಿ ಹಿಡಿದರೆ ಮುಂದಿನ ತೊಡಕುಗಳಲ್ಲಿ ಹಲವು ತಾವಾಗಿ ಬಿಡಿಸಿಕೊಳ್ಳುತ್ತವೆ.

ಕಂಪ್ಯೂಟರ್‌ನಲ್ಲಿ ನೋಡಲು ಎರಡು ಗಡಿಯಾರಗಳಿವೆ. ಒಂದು, 1970ರ ಜನವರಿ 1ರಿಂದ ಕಳೆದ ಮಿಲಿಸೆಕೆಂಡುಗಳನ್ನು ಹೇಳುವ ದಿನಾಂಕದ ಗಡಿಯಾರ. ಇದು ಗೋಡೆಯ ಗಡಿಯಾರಕ್ಕೆ ಹೊಂದಿಕೊಂಡಿರುತ್ತದೆ, ಆದರೆ ನಡುವೆ ತಿದ್ದುಪಡಿಗೂ ಒಳಗಾಗುತ್ತದೆ. ಕಂಪ್ಯೂಟರ್‌ನಲ್ಲಿ ಹೊತ್ತು ಅಳೆಯುವ ಸ್ಫಟಿಕ ಹತ್ತು ಲಕ್ಷಕ್ಕೆ 20 ಪಾಲಿನಷ್ಟು ಹಿಂದೆಮುಂದೆ ಓಡಿದರೂ ದಿನಕ್ಕೆ ಸುಮಾರು 1.7 ಸೆಕೆಂಡು ವ್ಯತ್ಯಾಸ ಬೀಳುತ್ತದೆ. ಅದನ್ನು ಸರಿಪಡಿಸಲು ಕಂಪ್ಯೂಟರ್ ಆಗಾಗ ಅಂತರಜಾಲದ ಸಮಯ ಸರ್ವರ್‌ಗಳನ್ನು ಕೇಳುತ್ತದೆ. ಹೀಗೆ ಕೇಳುವ ಎನ್‌ಟಿಪಿ ಎಂಬ ಪದ್ಧತಿಯನ್ನು ಡೇವಿಡ್ ಮಿಲ್ಸ್ ರೂಪಿಸಿದ್ದು 1980ರ ದಶಕದಲ್ಲಿ. ಎರಡನೆಯದು, ಪುಟ ತೆರೆದಾಗಿನಿಂದ ಮುಂದಕ್ಕೆ ಮಾತ್ರ ಓಡುವ, ಯಾರೂ ತಿದ್ದದ ಗಡಿಯಾರ. 30 ಸೆಕೆಂಡಿನ ರಸಪ್ರಶ್ನೆಗೆ ಎರಡನೆಯದು ಒಳ್ಳೆಯದು. ಹೊಸ ವರ್ಷದ ಮಧ್ಯರಾತ್ರಿಗೆ ಮೊದಲನೆಯದೇ ಬೇಕು. ಪುಟ ಮತ್ತೆ ತೆರೆದುಕೊಂಡರೆ ಎರಡನೆಯದರ ಲೆಕ್ಕ ಅಳಿದುಹೋಗುತ್ತದೆ ಎಂಬುದನ್ನು ನೆನಪಿಡಬೇಕು.

ಪುಟ ಮತ್ತೆ ತೆರೆದುಕೊಳ್ಳುವುದು ಅಪರೂಪವೇನಲ್ಲ. ಸೀನ್ ಬದಲಾಗಿ ಟೈಮರ್ ಕಣ್ಮರೆಯಾದಾಗ ಪುಟವನ್ನೇ ಮುಚ್ಚಿಬಿಡುವ ಆಯ್ಕೆಯೊಂದು ಬ್ರೌಸರ್ ಸೋರ್ಸ್‌ನಲ್ಲಿದೆ. ಸೀನ್ ಮರಳಿದಾಗ ಪುಟ ಹೊಸದಾಗಿ ತೆರೆಯುತ್ತದೆ. ‘ತೆರೆದ ಕೂಡಲೇ 10 ನಿಮಿಷ ಶುರು’ ಎಂದು ಬರೆದ ಟೈಮರ್ ಆಗ ಮತ್ತೆ ಹತ್ತರಿಂದಲೇ ಇಳಿಯತೊಡಗುತ್ತದೆ. ಬಿಡುವಿನ ಟೈಮರ್‌ಗೆ ಇದೇ ಬೇಕಾಗಿರಬಹುದು, ಆಯ್ಕೆಯನ್ನು ಬೇಕೆಂದೇ ಹಾಕಿಡುವವರಿದ್ದಾರೆ. ಬೇಡವಾದ ಕಡೆ ಮುಗಿಯುವ ಕ್ಷಣವನ್ನು ಪುಟದ ವಿಳಾಸದಲ್ಲೇ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರೆದಿಟ್ಟರೆ ಸಾಕು. ಪುಟ ಎಷ್ಟು ಸಲ ಮುಚ್ಚಿ ತೆರೆದರೂ ಉತ್ತರ ಬದಲಾಗುವುದಿಲ್ಲ.

ಹಾಗೆ ಬರೆಯುವಾಗ ಭಾರತದವರನ್ನು ಕಾಡುವ ತೊಡಕೊಂದಿದೆ. ಜಾವಾಸ್ಕ್ರಿಪ್ಟ್‌ಗೆ ‘2027-01-01’ ಎಂದು ಬರೀ ದಿನಾಂಕ ಕೊಟ್ಟರೆ ಅದು ಗ್ರೀನಿಚ್ ಕಡೆಯ ಮಧ್ಯರಾತ್ರಿಯನ್ನು ಹಿಡಿಯುತ್ತದೆ. ಭಾರತದಲ್ಲಿ ಆಗ ಬೆಳಗಿನ 5.30. ದಿನಾಂಕದ ಜೊತೆಗೆ ಗಂಟೆ ನಿಮಿಷ ಬರೆದು ಸಮಯ ವಲಯ ಬಿಟ್ಟರೆ, ಅದೇ ಜಾವಾಸ್ಕ್ರಿಪ್ಟ್ ಆ ಕಂಪ್ಯೂಟರ್ ಇರುವ ಊರಿನ ಸಮಯವೆಂದುಕೊಳ್ಳುತ್ತದೆ. ಕೊನೆಯಲ್ಲಿ ‘+05:30’ ಎಂದು ಸೇರಿಸಿದರೆ ಗೊಂದಲವಿಲ್ಲ. ನೋಡುವವರಿಗಂತೂ ವಲಯದ ಚಿಂತೆಯೇ ಬೇಡ. ‘ರಾತ್ರಿ 9ಕ್ಕೆ’ ಎಂಬ ಪ್ರಕಟಣೆಯನ್ನು ನ್ಯೂಜೆರ್ಸಿಯ ಕನ್ನಡ ಕುಟುಂಬ ತನ್ನ ಹೊತ್ತಿಗೆ ಹೊಂದಿಸಿ ಲೆಕ್ಕ ಹಾಕಬೇಕು. ‘ಇನ್ನು 20 ನಿಮಿಷ’ ಎಂಬುದು ಉಡುಪಿಯಲ್ಲೂ ದುಬೈಯಲ್ಲೂ ನ್ಯೂಜೆರ್ಸಿಯಲ್ಲೂ ಒಂದೇ. ಹೊರದೇಶಗಳಲ್ಲಿ ಹರಡಿಕೊಂಡ ವೀಕ್ಷಕರಿಗೆ ಇಳಿಕೆಯ ಟೈಮರ್ ಮಾಡುವ ದೊಡ್ಡ ಉಪಕಾರ ಇದು.

ಉಳಿದ ಸಮಯವನ್ನು ಪೂರ್ಣ ಸೆಕೆಂಡಿಗೆ ಇಳಿಸುವ ರೀತಿಯೂ ಮುಖ್ಯ. ಐದು ನಿಮಿಷದ ಟೈಮರ್ ಶುರುವಾಗಿ ಒಂದು ಕ್ಷಣದಲ್ಲಿ 299.98 ಸೆಕೆಂಡು ಉಳಿದಿದೆ ಎನ್ನೋಣ. ದಶಮಾಂಶವನ್ನು ಕತ್ತರಿಸಿ ಎಸೆದರೆ ಅದು 299 ಆಗುತ್ತದೆ. ವೀಕ್ಷಕರು 5:00 ನೋಡುವುದೇ ಇಲ್ಲ, 4:59ರಿಂದಲೇ ಕಾಣಿಸಿಕೊಳ್ಳುತ್ತದೆ. ಕೊನೆಯಲ್ಲಂತೂ ಇನ್ನೂ 0.9 ಸೆಕೆಂಡು ಬಾಕಿ ಇರುವಾಗಲೇ ಪರದೆಯ ಮೇಲೆ 0:00 ಬಂದು ನಿಂತುಬಿಡುತ್ತದೆ. ಹೊಸ ವರ್ಷದ ಲೈವ್‌ನಲ್ಲಿ ಜನ ಒಂದು ಸೆಕೆಂಡು ಮೊದಲೇ ಕೂಗುತ್ತಾರೆ. ದಶಮಾಂಶ ಉಳಿದಿದ್ದರೆ ಮುಂದಿನ ಪೂರ್ಣ ಸಂಖ್ಯೆಗೆ ಏರಿಸುವುದು ಸರಿಯಾದ ದಾರಿ: 5:00 ಒಂದು ಪೂರ್ತಿ ಸೆಕೆಂಡು ನಿಲ್ಲುತ್ತದೆ, 0:01 ಒಂದು ಪೂರ್ತಿ ಸೆಕೆಂಡು ನಿಲ್ಲುತ್ತದೆ, ಸೊನ್ನೆ ಬೀಳುವ ಹೊತ್ತಿಗೆ ನಿಜವಾಗಿಯೂ ಸಮಯ ಮುಗಿದಿರುತ್ತದೆ. ಮೇಲ್ಮುಖವಾಗಿ ಎಣಿಸುವ ಟೈಮರ್‌ಗೆ ಇದರ ತದ್ವಿರುದ್ಧ, ಅಲ್ಲಿ ಕತ್ತರಿಸಿಯೇ ತೋರಿಸಬೇಕು. ಸೆಕೆಂಡಿಗೆ ಒಮ್ಮೆ ಮಾತ್ರ ಗಡಿಯಾರ ನೋಡಿದರೆ ಕೆಲವೊಮ್ಮೆ ಒಂದು ಅಂಕಿ ಹಾರಿಹೋಗಿ 8ರ ಬೆನ್ನಿಗೇ 6 ಕಾಣುವುದುಂಟು. ಸೆಕೆಂಡಿಗೆ ಹತ್ತು ಸಲ ನೋಡಿದರೆ ಆ ಕಾಟ ತಪ್ಪುತ್ತದೆ, ಕಂಪ್ಯೂಟರ್‌ಗೆ ಅದೊಂದು ಹೊರೆಯೇ ಅಲ್ಲ.

ನಿಲ್ಲಿಸುವುದು, ಮುಂದುವರಿಸುವುದು, ಸಮಯ ಸೇರಿಸುವುದು ಇವೆಲ್ಲ ಮುಗಿಯುವ ಕ್ಷಣವನ್ನು ಸರಿಸುವ ಕೆಲಸಗಳೇ. ನಿಲ್ಲಿಸಿದಾಗ ಉಳಿದದ್ದನ್ನು ಬರೆದಿಟ್ಟುಕೊಂಡು, ಮುಂದುವರಿಸುವಾಗ ಅದನ್ನು ಆಗಿನ ಹೊತ್ತಿಗೆ ಕೂಡಿಸಿದರೆ ಹೊಸ ಕೊನೆ ಸಿಗುತ್ತದೆ. ಲುಡ್ವಿಗ್ ಅಹ್ಗ್ರೆನ್ ಎಂಬ ಅಮೆರಿಕದ ಸ್ಟ್ರೀಮರ್ 2021ರ ಮಾರ್ಚ್ 14ರಂದು ಟ್ವಿಚ್ ಎಂಬ ಲೈವ್ ತಾಣದಲ್ಲಿ ಶುರುಮಾಡಿದ ಪ್ರಸಾರದಲ್ಲಿ, ಪ್ರತಿ ಹೊಸ ಚಂದಾದಾರಿಕೆಗೂ ಟೈಮರ್‌ಗೆ ಕೆಲವು ಸೆಕೆಂಡು ಸೇರುತ್ತಿತ್ತು. ಜನ ಸೇರಿಸುತ್ತಲೇ ಹೋಗಿ ಅದು ಏಪ್ರಿಲ್ 13ರವರೆಗೂ ನಡೆಯಿತು. ಒಂದು ಓವರ್‌ಲೇ ಟೈಮರ್ ಇಡೀ ಕಾರ್ಯಕ್ರಮದ ಕೇಂದ್ರವೇ ಆಗಿಬಿಟ್ಟ ಪ್ರಸಂಗ ಅದು.

ಸಣ್ಣ ಪ್ರಸಾರದಲ್ಲಿ ಇಂಥ ಗುಂಡಿಗಳನ್ನು ಒತ್ತುವುದು ಎಲ್ಲಿಂದ? ಓವರ್‌ಲೇ ಪುಟದಲ್ಲೇ ಗುಂಡಿಗಳಿದ್ದರೆ ಅವೂ ವೀಕ್ಷಕರಿಗೆ ಕಾಣುತ್ತವೆ. ಆದ್ದರಿಂದ ತೋರಿಸುವ ಪುಟ ಒಂದು, ನಡೆಸುವ ಪುಟ ಇನ್ನೊಂದು ಎಂದು ಎರಡಾಗಿ ಮಾಡುತ್ತಾರೆ. ನಡೆಸುವ ಪುಟವನ್ನು ಕ್ರೋಮ್‌ನಲ್ಲಿ ತೆರೆದರೆ ಒಬಿಎಸ್‌ನೊಳಗಿನ ಪುಟಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಎರಡೂ ಬೇರೆ ಬೇರೆ ಬ್ರೌಸರ್‌ಗಳು, ಅವುಗಳ ಉಗ್ರಾಣಗಳೂ ಬೇರೆ. ಒಬಿಎಸ್‌ನಲ್ಲೇ ಇರುವ ‘ಬ್ರೌಸರ್ ಡಾಕ್’ನಲ್ಲಿ ತೆರೆದರೆ ಎರಡೂ ಒಂದೇ ಬ್ರೌಸರ್‌ನ ಪುಟಗಳಾಗಿ, ಸರ್ವರ್ ಇಲ್ಲದೆಯೇ ಮಾತಾಡಿಕೊಳ್ಳುತ್ತವೆ. ಫೋನಿನಿಂದ ನಡೆಸಬೇಕಾದರೆ ನಡುವೆ ಸರ್ವರ್ ಬೇಕಾಗುತ್ತದೆ. ಆಗಲೂ ಸೆಕೆಂಡು ಸೆಕೆಂಡಿಗೂ ಅಂಕಿ ಕಳುಹಿಸುವ ಅಗತ್ಯವಿಲ್ಲ. ‘ಐದು ನಿಮಿಷ ಸೇರಿಸು’ ಎಂಬ ಆಜ್ಞೆ ಒಮ್ಮೆ ತಲುಪಿದರೆ ತೋರಿಸುವ ಪುಟ ತನ್ನ ಗಡಿಯಾರ ನೋಡಿ ಉಳಿದದ್ದನ್ನು ಮಾಡಿಕೊಳ್ಳುತ್ತದೆ. ಆಮೇಲೆ ಫೋನಿನ ನೆಟ್ ಹೋದರೂ ಟೈಮರ್ ನಿಲ್ಲದು.

ಅಂಕಿಗಳ ರೂಪಕ್ಕೆ ಬಂದರೆ, ಮೊದಲು ಗಮನಿಸಬೇಕಾದದ್ದು ಅಗಲ. ಹಲವು ಅಕ್ಷರಶೈಲಿಗಳಲ್ಲಿ ‘1’ ಕಿರಿದು, ‘0’ ಅಗಲ. ಸೆಕೆಂಡು ಬದಲಾದ ಹಾಗೆ ಇಡೀ ಟೈಮರ್ ಎಡಕ್ಕೂ ಬಲಕ್ಕೂ ನಡುಗುತ್ತದೆ. ಎಲ್ಲ ಅಂಕಿಗಳಿಗೂ ಸಮ ಅಗಲ ಕೊಡುವಂತೆ ಸಿಎಸ್‌ಎಸ್‌ನಲ್ಲಿ ಒಂದು ಸಾಲಿನಲ್ಲಿ ಹೇಳಬಹುದು, ಆದರೆ ಅಕ್ಷರಶೈಲಿಯೊಳಗೆ ಆ ಸೌಲಭ್ಯವಿದ್ದರೆ ಮಾತ್ರ ಅದು ನಡೆಯುತ್ತದೆ. ೦ಯಿಂದ ೯ರವರೆಗಿನ ಕನ್ನಡ ಅಂಕಿಗಳಲ್ಲಿ ಟೈಮರ್ ತೋರಿಸುವ ಆಸೆ ಇದ್ದವರು ಪ್ರತಿ ಅಂಕಿಗೂ ಒಂದೊಂದು ಸಮ ಅಗಲದ ಚೌಕ ಕೊಟ್ಟು ನಡುವೆ ಕೂರಿಸುವುದು ನಿಶ್ಚಿಂತೆಯ ದಾರಿ. ಅಂಕಿ ಬದಲಿಸುವುದಂತೂ ಸುಲಭ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಹತ್ತೂ ಅಂಕಿಗಳು ಸಾಲಾಗಿ ಕುಳಿತಿವೆ, ‘೦’ಯ ಸ್ಥಾನಕ್ಕೆ ಬೇಕಾದ ಸಂಖ್ಯೆ ಕೂಡಿಸಿದರೆ ಅಂಕಿ ಸಿಗುತ್ತದೆ. ರಾಜ್ಯೋತ್ಸವದ ಲೈವ್‌ನ ಮೇಲೆ ೦೪:೫೯ ಎಂದು ಇಳಿಯುವ ಟೈಮರ್ ಚೆನ್ನಾಗಿ ಕಾಣುತ್ತದೆ, ಇನ್ನೂ ಹೆಚ್ಚು ಜನ ಅದನ್ನು ಬಳಸಬೇಕು.

ಬಣ್ಣದ ಆಯ್ಕೆಯನ್ನು ವಿಡಿಯೋ ಸಂಕೋಚನ ಬಿಗಿಮಾಡುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಇದನ್ನೇ ಬಳಸಿಕೊಂಡು ಲೈವ್ ವಿಡಿಯೋದಲ್ಲಿ ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ, ಬಣ್ಣವನ್ನು ಎರಡಕ್ಕೆರಡರ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿಸಿ ಒಂದೇ ಒಂದು ಎಂದೂ ಕಳುಹಿಸುತ್ತಾರೆ. 1920ಕ್ಕೆ 1080ರ ಚಿತ್ರದಲ್ಲಿ ಬಣ್ಣದ ಮಾಹಿತಿ ಇರುವುದು 960ಕ್ಕೆ 540ರಷ್ಟೇ. ನೀಲಿಯ ಮೇಲೆ ತೆಳ್ಳಗಿನ ಕೆಂಪು ಅಂಕಿ ಬರೆದರೆ ಹೊಳಪಿನ ವ್ಯತ್ಯಾಸ ಕಡಿಮೆ, ಬಣ್ಣದ್ದೇ ಎಲ್ಲ ಭಾರ. ಅದು ಕಲಸಿಹೋಗುತ್ತದೆ. ದಪ್ಪ ಬಿಳಿ ಅಂಕಿಗೆ ಕಪ್ಪು ಅಂಚು ಕೊಟ್ಟರೆ ಹಿಂದೆ ಹಗಲಿನ ಬಯಲಿರಲಿ, ರಾತ್ರಿಯ ರಂಗಸ್ಥಳವಿರಲಿ, ಸಣ್ಣ ಫೋನಿನಲ್ಲೂ ಓದಬಹುದು. ಸೆಕೆಂಡಿನ ನೂರನೆಯ ಭಾಗ ತೋರಿಸುವುದರಿಂದಲೂ ಪ್ರಯೋಜನವಿಲ್ಲ. ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೋದಲ್ಲಿ ಒಂದು ಚೌಕಟ್ಟು 33 ಮಿಲಿಸೆಕೆಂಡು ನಿಲ್ಲುತ್ತದೆ, ಕೊನೆಯ ಅಂಕಿ ಮೂರು ಮೂರಾಗಿ ಹಾರುತ್ತದೆ. ಹತ್ತನೆಯ ಭಾಗದವರೆಗೆ ಸರಿ.

ಕೊನೆಗೆ, ಟೈಮರ್‌ನ ಸೊನ್ನೆ ವೀಕ್ಷಕರಿಗೆ ಕಾಣುವುದು ಯಾವಾಗ ಎಂಬ ಪ್ರಶ್ನೆ. ಪ್ರಸಾರದ ಕಂಪ್ಯೂಟರ್‌ನಲ್ಲಿ ಸೊನ್ನೆ ಬಿದ್ದ ಕ್ಷಣಕ್ಕೆ ಯಾವ ಫೋನಿನಲ್ಲೂ ಸೊನ್ನೆ ಬಿದ್ದಿರುವುದಿಲ್ಲ. ಆಪಲ್ 2009ರಲ್ಲಿ ತಂದ, ಈಗ ಎಲ್ಲೆಡೆ ಬಳಕೆಯಲ್ಲಿರುವ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ವಿಡಿಯೋವನ್ನು ತುಂಡುಗಳಾಗಿ ಕತ್ತರಿಸಿ ಇಡುತ್ತಾರೆ. ತುಂಡು 6 ಸೆಕೆಂಡಿನದಾದರೆ, ನೋಡುವ ಆ್ಯಪ್ ಕೊನೆಯಿಂದ ಕನಿಷ್ಠ ಮೂರು ತುಂಡು ಹಿಂದಿನಿಂದ ಶುರುಮಾಡಬೇಕೆಂಬುದು ನಿಯಮ. ಅಲ್ಲಿಗೇ 18 ಸೆಕೆಂಡು. ಪಕ್ಕದ ಮನೆಯ ಟಿವಿಯಿಂದ ವಿಕೆಟ್ ಬಿದ್ದ ಕೂಗು ಕೇಳಿಸಿದ ಮೇಲೆ ಫೋನಿನಲ್ಲಿ ಬೌಲರ್ ಓಡಿಬರುವುದು ಇದೇ ಕಾರಣಕ್ಕೆ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರ ಸಂಜೆ ಯೂಟ್ಯೂಬ್‌ನಲ್ಲಿ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಚಂದ್ರನಿಂದ ಸಂಕೇತ ಭೂಮಿಗೆ ಬರಲು ಹಿಡಿದದ್ದು ಸುಮಾರು 1.3 ಸೆಕೆಂಡು. ಬೆಂಗಳೂರಿನ ಇಸ್ರೊ ನಿಯಂತ್ರಣ ಕೇಂದ್ರದ ಚಪ್ಪಾಳೆ ಅಲ್ಲಿಂದ ಕೈಯಲ್ಲಿದ್ದ ಫೋನಿಗೆ ಬರಲು ಇಂಥ ಪ್ರಸಾರಗಳಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

‘ಶುರುವಾಗಲು ಇಷ್ಟು ಹೊತ್ತಿದೆ’ ಎಂಬ ಟೈಮರ್‌ಗೆ ಈ ವಿಳಂಬ ಬಾಧಕವಲ್ಲ. ಅಂಕಿಯೂ ಕಾರ್ಯಕ್ರಮವೂ ಒಂದೇ ವಿಡಿಯೋದಲ್ಲಿ ಬೆಸೆದುಕೊಂಡಿರುವುದರಿಂದ ಒಟ್ಟಿಗೇ ತಡವಾಗುತ್ತವೆ. ಗೋಡೆಯ ಗಡಿಯಾರಕ್ಕೆ ಕಟ್ಟಿದ ಟೈಮರ್‌ನಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಹೊಸ ವರ್ಷದ ಎಣಿಕೆಯನ್ನು ವಿಳಂಬದಷ್ಟು ಮೊದಲೇ ಮುಗಿಸಿದರೂ ಒಬ್ಬೊಬ್ಬರ ವಿಳಂಬ ಒಂದೊಂದು, ಎಲ್ಲರಿಗೂ ಸರಿಹೊಂದಿಸಲು ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ಕಡಿಮೆ ವಿಳಂಬದ ಆಯ್ಕೆ ಹಾಕಿದರೆ ಅಂತರ ಕೆಲವು ಸೆಕೆಂಡಿಗೆ ಇಳಿಯುತ್ತದೆ, ಆದರೆ ನೆಟ್ ದುರ್ಬಲವಾದ ಕಡೆ ಚಿತ್ರ ತಡೆದು ತಡೆದು ಬರುತ್ತದೆ. ಉತ್ತರಗಳು ಚಾಟ್‌ನಲ್ಲಿ ಬರುವ ರಸಪ್ರಶ್ನೆಯಲ್ಲಿ ನಡೆಸುವವರು ತಮ್ಮ ಪರದೆಯ ಸೊನ್ನೆಗೆ ಬಾಗಿಲು ಹಾಕಿದರೆ, 30 ಸೆಕೆಂಡಿನ ಅವಧಿಯಲ್ಲಿ 18 ಸೆಕೆಂಡನ್ನು ವೀಕ್ಷಕರಿಂದ ಕಸಿದಂತೆ. ಸೊನ್ನೆ ಬಿದ್ದ ಮೇಲೂ ವಿಳಂಬದಷ್ಟು ಹೊತ್ತು ಉತ್ತರ ತೆಗೆದುಕೊಳ್ಳುವುದು ನ್ಯಾಯ. ಆ ಹೊತ್ತು ಎಷ್ಟೆಂದು ಅಳೆಯುವುದು ಕಷ್ಟವಲ್ಲ: ಟೈಮರ್ ಓಡುತ್ತಿರುವ ಕಂಪ್ಯೂಟರ್‌ನ ಪಕ್ಕದಲ್ಲಿ, ಬೇರೆ ನೆಟ್‌ನಲ್ಲಿರುವ ಫೋನೊಂದರಲ್ಲಿ ಅದೇ ಲೈವ್ ಹಾಕಿ, ಎರಡನ್ನೂ ಒಂದೇ ಫೋಟೋದಲ್ಲಿ ಸೆರೆಹಿಡಿದರೆ, ಎರಡು ಪರದೆಗಳ ಅಂಕಿಗಳ ನಡುವಿನ ವ್ಯತ್ಯಾಸವೇ ಆ ಫೋನಿನ ವಿಳಂಬ.